ಮೊದಲು ಯಾರಿಗೆ ತಿಳಿಸಬೇಕು

ಮಾರ್ಚ್ ೩, ಸೋಮವಾರ

ಸಭೆ ಶುರುವಾಯಿತು. ಸಮುದ್ರದಾಚೆಯ ಯುದ್ಧಕ್ಕೆ ನಮ್ಮ ಸೈನ್ಯವನ್ನು ಕಳಿಸಬೇಕೋ ಬೇಡವೋ ಎಂದು ಎರಡು ವಾರ ಚರ್ಚೆಯಂತೆ. ಹಡಗಿನಲ್ಲಿ ಐದು ದಿನದ ದಾರಿ. ಅಲ್ಲಿ ಯಾರು ಯಾರ ಮೇಲೆ ಯಾಕೆ ಬಿದ್ದಿದ್ದಾರೆ ಎಂದು ಕೇಳಿದರೆ ಅರ್ಧ ಸದಸ್ಯರು ತಲೆ ಕೆರೆದುಕೊಳ್ಳುತ್ತಾರೆ, ಆದರೆ ಮಾತಾಡಲು ಮಾತ್ರ ಎಲ್ಲರೂ ಹೆಸರು ಕೊಟ್ಟಿದ್ದಾರೆ. ನನಗೇನು? ಸಭಾಧ್ಯಕ್ಷರ ಪೀಠದ ಕೆಳಗಿನ ಮೇಜಿನಲ್ಲಿ ಹತ್ತು ನಿಮಿಷ ಕೂತು ಕಿವಿಗೆ ಬಿದ್ದದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಇಳಿಸುವುದು, ಮುಂದಿನವರಿಗೆ ಕುರ್ಚಿ ಬಿಡುವುದು, ಮಹಡಿಯ ಕೋಣೆಗೆ ಹೋಗಿ ಟೈಪು ಮಾಡುವುದು. ಇಪ್ಪತ್ತು ವರ್ಷದಿಂದ ಇದೇ. ಮೇಜು ಕುಟ್ಟಿದರೆ ಮೇಜು ಕುಟ್ಟಿದರು ಎಂದು ಬರೆಯುತ್ತೇನೆ, ನಕ್ಕರೆ ನಕ್ಕರು ಎಂದು ಬರೆಯುತ್ತೇನೆ. ನಾನು ನಗುವುದಿಲ್ಲ.

ಗುಂಡ ಈ ಭಾನುವಾರವೂ ಬರಲಿಲ್ಲ. ಫೋನೂ ಇಲ್ಲ. ಅಮ್ಮ ಹೋದಾಗ ಒಂಬತ್ತು ವರ್ಷದವನಾಗಿದ್ದ ಅವನ ಮೂಗು ಒರೆಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಸೈನ್ಯಕ್ಕೆ ಸೇರುವ ದಿನ ಬೂಟಿನ ಲೇಸು ಕಟ್ಟಿದವಳು ನಾನು. ಈಗ ಅವನಿಗೆ ಮೂವತ್ಮೂರು, ಮದುವೆಯಾಗಿ ಎಂಟು ತಿಂಗಳು, ಅಕ್ಕ ಅನ್ನುವ ಪ್ರಾಣಿ ಒಂದಿದೆ ಎಂಬುದೇ ಮರೆತುಹೋಗಿದೆ. ಎಲ್ಲ ಆ ಮಹಾರಾಯ್ತಿಯ ಮಹಿಮೆ.

ಮಾರ್ಚ್ ೫, ಬುಧವಾರ

ಇವತ್ತು ನನ್ನ ಸರದಿಗೆ ಹಲ್ಲಿನ ಡಾಕ್ಟರು ಸಿಕ್ಕರು. ವಿರೋಧ ಪಕ್ಷದವರು, ಈಗಲೂ ವಾರಕ್ಕೆರಡು ದಿನ ದವಾಖಾನೆ ತೆರೆಯುತ್ತಾರಂತೆ. "ನೋವಿರೋ ಹಲ್ಲು ಬಿಟ್ಟು ಪಕ್ಕದ ಹಲ್ಲು ಕಿತ್ತರೆ ಏನಾಗುತ್ತೆ ಅಂತ ನನಗೆ ಗೊತ್ತು ಸ್ವಾಮಿ. ನೋವೂ ಹೋಗಲ್ಲ, ಹಲ್ಲೂ ಉಳಿಯಲ್ಲ. ಅವರ ಜಗಳ ನಮ್ಮ ಹುಡುಗರು ಹೋದರೆ ನಿಲ್ಲುತ್ತಾ?" ಎಂದರು. ಅದಕ್ಕೆ ರಕ್ಷಣಾ ಮಂತ್ರಿ ಎದ್ದು, "ನಮ್ಮಲ್ಲಿ ಪ್ರವಾಹ ಬಂದಾಗ ಅಕ್ಕಿ, ಔಷಧಿ ಹೊತ್ತು ಮೊದಲು ಬಂದ ಹಡಗು ಆ ದೇಶದ್ದು. ಈಗ ಅವರು ಕರೀತಿದಾರೆ. ಉಂಡ ಮನೆಯ ಜಂತೆ ಎಣಿಸೋ ಜನಾನಾ ನಾವು?" ಎಂದರು. ಮೇಜು ಕುಟ್ಟಿದರು.

ಇಬ್ಬರೂ ಸರಿ ಅನ್ನಿಸಿತು. ನನಗೆ ಹಾಗೆ ಅನ್ನಿಸುವುದು ರೂಢಿ. ಮುಖ್ಯ ವರದಿಗಾರರು ಹೇಳುವುದೂ ಅದನ್ನೇ: "ಅಭಿಪ್ರಾಯ ಇರೋರು ಎದುರಿಗೆ ಕೂತ್ಕೋತಾರೆ, ನಾವು ಮೇಜಿಗೆ ಕೂತ್ಕೋತೀವಿ." ನಾವು ಅವರನ್ನು ಬೆನ್ನ ಹಿಂದೆ ಅಲ್ಪವಿರಾಮ ಅನ್ನುತ್ತೇವೆ. ಯಾವ ವಾಕ್ಯ ಕೊಟ್ಟರೂ ಒಂದು ಅಲ್ಪವಿರಾಮ ಸೇರಿಸದೆ ವಾಪಸು ಕೊಡುವವರಲ್ಲ.

ಗುಂಡನದು ಸೇತುವೆ ಕಟ್ಟುವ ದಳ. ಸೈನ್ಯ ಹೊರಟರೆ ಅವರೇ ಮೊದಲು. ಹೊರಡುವುದಿಲ್ಲ ಬಿಡು.

ಮಾರ್ಚ್ ೯, ಭಾನುವಾರ

ಕರೆಯದಿದ್ದರೂ ನಾನೇ ಹೋದೆ. ಮೂರೂ ಬಿಟ್ಟವರು ಊರಿಗೆ ದೊಡ್ಡವರು. ಸೈನಿಕರ ವಸತಿಗೃಹದ ಎರಡನೇ ಮಹಡಿ, ಎರಡು ಕೋಣೆ, ಗಾಳಿಗೆ ಬಡಿದುಕೊಳ್ಳುವ ಒಂದು ಕಿಟಕಿ. ಗುಂಡ ಬನಿಯನ್ನಿನಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ. ನನ್ನ ಮನೆಯಲ್ಲಿ ಒಂದು ಲೋಟ ಎತ್ತಿಟ್ಟವನಲ್ಲ!

"ಎಷ್ಟು ಸಣ್ಣಗೆ ಹೆಚ್ತಾರೆ ನೋಡಿ ಅಕ್ಕಾ," ಎಂದಳು ಅವನ ಹೆಂಡತಿ.

"ನಾನೂ ನೋಡ್ತಿದೀನಮ್ಮ. ಮೂವತ್ಮೂರು ವರ್ಷ ಆದ್ಮೇಲೆ," ಎಂದೆ.

ಅವಳಿಗೆ ಚುಚ್ಚಿದ್ದು ಗೊತ್ತಾಗಲಿಲ್ಲ, ಅಥವಾ ಗೊತ್ತಾಗದವಳ ಹಾಗೆ ನಕ್ಕಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಅವಳದು. ಪತ್ರಿಕೆ ಹಿಡಿದು ಕೂತ ನನ್ನನ್ನು ನೋಡಿ, "ಅಕ್ಕಾ, ಕೈ ಉದ್ದ ಮಾಡಿ ಓದ್ತಿದೀರ. ನಿಮಗೆ ಓದೋ ಕನ್ನಡಕ ಬೇಕು," ಎಂದಳು. ಗುಂಡ ಕಿಸಕ್ಕನೆ ನಕ್ಕ. ನನ್ನ ಕಣ್ಣು ನಿಮಿಷಕ್ಕೆ ನೂರೈವತ್ತು ಪದ ಬರೆದು ಬಂದ ಕಣ್ಣು. ಅದಕ್ಕೆ ವಯಸ್ಸಾಯಿತು ಎಂದು ಹೇಳಲು ನಿನ್ನೆ ಬಂದ ಇವಳು ಯಾರು?

ಆದರೆ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕಲ್ಲ. ನಾನು ಒಳಗೆ ಕಾಲಿಟ್ಟಾಗ ಅವಳು ಮೇಜಿನ ಮೇಲೆ ಏನೋ ತುಂಬುತ್ತಿದ್ದಳು. ಸೈನ್ಯದ ಫಾರಂ. ಗುಂಡನ ಕಾಗೆಕಾಲು ಅಕ್ಷರ ಯಾರಿಗೂ ತಿಳಿಯುವುದಿಲ್ಲವೆಂದು ಇವಳೇ ಬರೆಯುವುದಂತೆ. ಮೂರನೇ ಸಾಲು ನನಗೆ ಬಾಯಿಪಾಠ: ಏನಾದರೂ ಆದಲ್ಲಿ ಮೊದಲು ಯಾರಿಗೆ ತಿಳಿಸಬೇಕು. ಹನ್ನೆರಡು ವರ್ಷದ ಹಿಂದೆ ಗುಂಡ ಅದನ್ನು ನನಗೆ ತೋರಿಸಿ, "ನಿನ್ನ ಹೆಸರೇ ಹಾಕಿದೀನಿ, ನನಗೆ ಇನ್ಯಾರಿದಾರೆ," ಎಂದಿದ್ದ. ಆ ಸಾಲಿನ ಮೇಲೆ ಅವಳ ಪೆನ್ನು ಇತ್ತು. ಏನೋ ಹೊಡೆದುಹಾಕುತ್ತಿದ್ದಳು. ನನ್ನನ್ನು ಕಂಡದ್ದೇ ಹಾಳೆಯನ್ನು ಮಗುಚಿ ಹಾಕಿದಳು.

ಊಟ ರುಚಿಸಲಿಲ್ಲ. ಚೆನ್ನಾಗಿದೆ ಎಂದು ಹೇಳಿ ಬಂದೆ.

ಮಾರ್ಚ್ ೧೧, ಮಂಗಳವಾರ

ಹಲ್ಲಿನ ಡಾಕ್ಟರದು ಬರೀ ಬಾಯಿ. ಮಂತ್ರಿಗಳ ಮಾತಿನಲ್ಲಿ ತೂಕವಿದೆ. ಉಪಕಾರ ಮಾಡಿದವರು ಕರೆದಾಗ ಹೋಗದಿದ್ದರೆ ನಾಳೆ ನಮ್ಮ ಬಾಗಿಲಿಗೆ ಯಾರು ಬರುತ್ತಾರೆ? ಸೈನ್ಯಕ್ಕೆ ಸೇರಿದ ಮೇಲೆ ಹೋಗಲೇಬೇಕು. ಈರುಳ್ಳಿ ಹೆಚ್ಚಲು ಸಂಬಳ ಕೊಡುತ್ತಾರೆಯೇ? ಮನೆ ಮನೆಯ ಹೆಂಡಿರು ಮೂಗು ಒರೆಸಿಕೊಂಡರೆಂದು ದೇಶ ನಡೆಸಲು ಆಗುವುದಿಲ್ಲ.

ಊಟದ ಹೊತ್ತಿನಲ್ಲಿ ಇದನ್ನೇ ಹೇಳಿದೆ. ಅಲ್ಪವಿರಾಮ ಚಹಾ ಲೋಟ ಕೆಳಗಿಟ್ಟು, "ಏನಮ್ಮ, ಮೇಜಿಂದ ಎದ್ದು ಎದುರುಗಡೆ ಹೋಗಿ ಕೂತ್ಕೊಂಡ್ಯಾ?" ಎಂದರು. ಎಲ್ಲರೂ ನಕ್ಕರು.

ಮಾರ್ಚ್ ೧೩, ಗುರುವಾರ

ಮಂತ್ರಿಗಳ ದೊಡ್ಡ ಭಾಷಣ ಇವತ್ತು. ಕೊನೆಯ ಹತ್ತು ನಿಮಿಷ ನನ್ನ ಸರದಿ. ಪತ್ರಿಕೆಯವರು ಸುದ್ದಿ ಕಳಿಸಲು ಆಗಲೇ ಓಡಿಹೋಗಿದ್ದರು, ಅವರ ಅಟ್ಟಣೆಯಲ್ಲಿ ನರಪಿಳ್ಳೆಯಿಲ್ಲ. ಆಗ ಹಲ್ಲಿನ ಡಾಕ್ಟರು ಕೂತಲ್ಲಿಂದಲೇ, "ಎಷ್ಟು ದಿನಕ್ಕೆ? ಅದನ್ನ ಹೇಳಿ ಮೊದಲು!" ಎಂದು ಕೂಗಿದರು. ಮಂತ್ರಿಗಳು ಕಾಗದಗಳನ್ನು ಎತ್ತಿಕೊಳ್ಳುತ್ತಿದ್ದವರು ನಿಂತು ಹೇಳಿದರು: "ಆರು ತಿಂಗಳು. ಅದರ ಮೇಲೆ ಒಂದು ದಿನವೂ ಇಲ್ಲ." ಸಣ್ಣ ಪಕ್ಷದ ಹನ್ನೊಂದು ಜನ ಇಷ್ಟು ದಿನ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ಕೂತವರು, ಅದನ್ನು ಕೇಳಿ ತಲೆ ತಲೆ ಸೇರಿಸಿ ಮಾತಾಡಿಕೊಂಡರು. ನಾನು ಬರೆದುಕೊಂಡೆ, ಟೈಪು ಮಾಡಿ ಕೊಟ್ಟೆ.

ಸಂಜೆ ಗುಂಡ ಫೋನ್ ಮಾಡಿದ. ನಿರ್ಣಯ ಗೆದ್ದರೆ ಅವನ ದಳವೇ ಮೊದಲ ಹಡಗಿಗೆ ಎಂದು ಹೇಳಿದ್ದಾರಂತೆ. ಯಾವಾಗ ಹೇಳಿದರೋ ಎಂದೆ. "ಹೋದ ವಾರ," ಎಂದ.

"ಹೋದ ವಾರ! ಮತ್ತೆ ನನಗೆ?"

"ನಿನಗೆ ಗಾಬರಿ ಆಗುತ್ತೆ, ಸ್ವಲ್ಪ ತಡೆದು ಹೇಳೋಣ ಅಂದ್ಲು ಅಕ್ಕಾ."

ಅಂದಳಂತೆ. ಆ ಫಾರಮ್ಮಿನಲ್ಲಿ ಮೂರನೇ ಸಾಲಿಗೆ ಯಾರನ್ನು ಹಾಕಿದ್ದೀಯ ಎಂದು ಕೇಳಿಯೇಬಿಟ್ಟೆ. "ಅದೆಲ್ಲ ಅವಳೇ ತುಂಬಿದಾಳೆ. ಈಗ್ಯಾಕಕ್ಕಾ ಅದು?" ಎಂದ. ಉತ್ತರ ಸಿಕ್ಕಿತು. ಅವನು ಸತ್ತರೂ ನನಗೆ ಪಕ್ಕದ ಮನೆಯವರ ಹಾಗೆ ಆಮೇಲೆ ತಿಳಿಯುತ್ತದೆ.

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆ ಮಂತ್ರಿಗಳ ಕಾರ್ಯದರ್ಶಿ ಬಂದಿದ್ದ. ಕೈಯಲ್ಲಿ ನಿನ್ನೆಯ ಪ್ರತಿ, ಕಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲು. ಸದಸ್ಯರು ತಮ್ಮ ಭಾಷಣ ಅಚ್ಚಿಗೆ ಹೋಗುವ ಮೊದಲು ತಿದ್ದಬಹುದು. ಮಾತನ್ನು ನಯ ಮಾಡಬಹುದು, ಮಾತನ್ನೇ ಬದಲಾಯಿಸುವಂತಿಲ್ಲ. ಬದಲಾಗಿದೆಯೋ ಇಲ್ಲವೋ ಎಂದು ತಮ್ಮ ಟಿಪ್ಪಣಿ ಪುಸ್ತಕ ನೋಡಿ ಹೇಳಬೇಕಾದವರು ಆ ಸರದಿಯ ವರದಿಗಾರರು. ಅವರು ಅಂಚಿನಲ್ಲಿ ಸಹಿ ಹಾಕಿದರೆ ಅಚ್ಚಿಗೆ. ಅಚ್ಚಾದದ್ದೇ ಕೊನೆಯ ಮಾತು.

"ಆರು ತಿಂಗಳು" ಹೊಡೆದು ಮೇಲೆ "ಅಗತ್ಯವಿರುವವರೆಗೆ" ಎಂದು ಬರೆದಿದ್ದ. "ಭಾಷೆ ಸ್ವಲ್ಪ ನಯ ಮಾಡಿದೀವಿ ಮೇಡಂ, ಅಷ್ಟೇ," ಎಂದ. ಇಂಥವರನ್ನು ಇಪ್ಪತ್ತು ವರ್ಷದಲ್ಲಿ ಎಷ್ಟು ಜನರನ್ನು ಬಾಗಿಲಿಂದಾಚೆ ಕಳಿಸಿದ್ದೇನೋ ಲೆಕ್ಕವಿಲ್ಲ.

ನನ್ನ ಪುಸ್ತಕ ತೆರೆದೇ ಇತ್ತು. ಆರು ತಿಂಗಳಾದರೇನು, ಆರು ವರ್ಷವಾದರೇನು, ಕಾಯಬೇಕಾದವಳು ಅವಳಲ್ಲವೇ. ಸಾಲು ಅವಳದ್ದಾದರೆ ಕಾಯುವುದೂ ಅವಳದ್ದೇ. ಕಾಯಲಿ, ಗೊತ್ತಾಗಲಿ.

ಸಹಿ ಹಾಕಿದೆ.

ಮಾರ್ಚ್ ೧೫, ಶನಿವಾರ

ಕಪಾಟು ಒರೆಸಿದೆ. ಪರದೆ ಒಗೆದೆ. ಒಲೆ ತಿಕ್ಕಿದೆ.

ಮಾರ್ಚ್ ೧೮, ಮಂಗಳವಾರ

ನಿರ್ಣಯ ಗೆದ್ದಿತು, ಏಳು ಮತಗಳಿಂದ. ಸಣ್ಣ ಪಕ್ಷದ ಹನ್ನೊಂದು ಜನವೂ ಹೌದು ಎಂದು ನಿಂತರು. ಅವರ ನಾಯಕಿ, ಬಿಳಿಕೂದಲಿನ ಶಾಲಾ ಮೇಡಂ, ಹೇಳಿದ್ದು ನನ್ನ ಸರದಿಗೇ ಬಂತು: "ಆರು ತಿಂಗಳು ಅಂತ ಮಂತ್ರಿಗಳು ಈ ಸಭೆಗೆ ಮಾತು ಕೊಟ್ಟಿದ್ದಾರೆ. ಆ ಮಾತಿನ ಮೇಲೆ ನಾವು ಮತ ಕೊಡುತ್ತಿದ್ದೇವೆ." ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಮುಂದಿನ ಮೂರು ಪದ ತಪ್ಪಿಹೋಯಿತು, ಮುಂದಿನ ಸರದಿಗೆ ಕಾದು ನಿಂತಿದ್ದವನನ್ನು ಕೇಳಿ ತುಂಬಿಸಿದೆ. ಹೀಗೆ ಎಂದೂ ಆಗಿರಲಿಲ್ಲ. ಕಣ್ಣಿನದೇ ತೊಂದರೆ ಇರಬೇಕು.

ಅವಳು ಅಂಗಡಿಯಿಂದ ಕನ್ನಡಕ ಕಳಿಸಿದ್ದಾಳೆ. ಹಾಕಿಕೊಂಡು ನೋಡಿದೆ. ಅಕ್ಷರ ಚೆನ್ನಾಗಿಯೇ ಕಾಣುತ್ತದೆ, ಅದೇ ಸಿಟ್ಟು.

ಮಾರ್ಚ್ ೨೧, ಶುಕ್ರವಾರ

ಸೈನ್ಯದ ಆದೇಶ ಹೊರಬಿತ್ತು. ಅವಧಿ ಎಂಬ ಕಡೆ ಏನೂ ಇಲ್ಲ. ಹಲ್ಲಿನ ಡಾಕ್ಟರು ಎದ್ದು, "ಆರು ತಿಂಗಳು ಅಂದಿದ್ರಲ್ಲ ಸ್ವಾಮಿ! ನಾವೆಲ್ಲ ಕಿವಿಯಾರೆ ಕೇಳಿದ್ವಲ್ಲ!" ಎಂದರು.

ಮಂತ್ರಿಗಳು ನಕ್ಕು, "ಕಿವಿ ಮೋಸ ಮಾಡಬಹುದು. ದಾಖಲೆ ನೋಡಿ," ಎಂದರು.

ಅಚ್ಚಾದ ಪುಸ್ತಕ ತರಿಸಿದರು. ಸಭಾಧ್ಯಕ್ಷರು ಓದಿದರು: ಅಗತ್ಯವಿರುವವರೆಗೆ. ಬಿಳಿಕೂದಲಿನ ಮೇಡಂ ತಮ್ಮ ಕಿವಿಯನ್ನೇ ಮುಟ್ಟಿ ನೋಡಿಕೊಂಡರು, ನಿಜವಾಗಿ. ಮೇಜಿನಲ್ಲಿ ಆ ಹತ್ತು ನಿಮಿಷ ಕೂತಿದ್ದವಳು ನಾನೇ. ಪ್ರತಿಯೊಂದು ಪದವನ್ನೂ ಬರೆದುಕೊಂಡೆ, ನಕ್ಕರು ಎನ್ನುವುದನ್ನೂ.

ಮಾರ್ಚ್ ೨೩, ಭಾನುವಾರ

ಅವಳು ಬಂದಿದ್ದಳು, ಒಬ್ಬಳೇ. ಗುಂಡ ದಳದಲ್ಲಿ ಸಾಮಾನು ಕಟ್ಟಿಸುತ್ತಿದ್ದಾನಂತೆ. ಬಾಗಿಲಲ್ಲೇ ನಿಂತು, "ಒಂದು ತಪ್ಪು ಮಾಡಿದೀನಿ ಅಕ್ಕಾ, ನಿಮ್ಮನ್ನ ಕೇಳದೇನೇ," ಎಂದಳು. ಓಹೋ, ಈಗ ಬಂದಳಪ್ಪ ದಾರಿಗೆ, ಎಂದುಕೊಂಡೆ.

ಚೀಲದಿಂದ ಫಾರಮ್ಮಿನ ನಕಲು ತೆಗೆದು ಮೇಜಿನ ಮೇಲೆ ಹರಡಿದಳು. ಮದುವೆಯಾದವರಿಗೆ ಕಚೇರಿಯವರೇ ಹೆಂಡತಿಯ ಹೆಸರು ಟೈಪು ಮಾಡಿ ಕೊಡುತ್ತಾರಂತೆ. ಮೂರನೇ ಸಾಲಿನಲ್ಲಿ ಅವಳ ಹೆಸರನ್ನು ಅವಳೇ ಹೊಡೆದುಹಾಕಿದ್ದಳು. ಮೇಲೆ ದುಂಡನೆಯ ಅಕ್ಷರದಲ್ಲಿ ನನ್ನ ಹೆಸರು, ನನ್ನ ವಿಳಾಸ, ನನ್ನ ಫೋನಿನ ಸಂಖ್ಯೆ.

"ಅವತ್ತು ನೀವು ಬಂದಾಗ ಮಗುಚಿ ಹಾಕ್ಬಿಟ್ಟೆ. ಕೇಳದೆ ಬರೀತಿದೀನಲ್ಲ ಅಂತ ನಾಚಿಕೆ ಆಯ್ತು. ಅಕ್ಕಂಗೆ ನೀವು ಹೇಳ್ಬೇಡಿ, ನಾನೇ ಹೇಳ್ತೀನಿ ಅಂತ ಇವ್ರಿಗೂ ಅಂದಿದ್ದೆ," ಎಂದಳು.

ಯಾಕೆ ಎಂದೆ.

"ನಮ್ಮಪ್ಪ ರೈಲಿನ ಕೆಲಸದಲ್ಲಿದ್ರು. ಒಂದಿನ ಫೋನ್ ಬಂತು, ನಾನು ಎತ್ತಿದೆ. ಹದಿನಾಲ್ಕು ವರ್ಷ ನನಗೆ. ಅಮ್ಮ ಅಡುಗೆ ಮಾಡ್ತಿದ್ರು, ನಾನೇ ಹೋಗಿ ಹೇಳ್ಬೇಕಾಯ್ತು. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ ಅಕ್ಕಾ. ಅಂಥದ್ದೇನಾದ್ರೂ ಇದ್ರೆ ನಿಮಗೆ ಬರಲಿ. ನೀವು ಬಂದು ನನ್ನೆದುರು ನಿಂತ್ಕೊಳ್ಳಿ, ಸಾಕು. ಬಾಯಿ ಬಿಟ್ಟು ಹೇಳೋದೂ ಬೇಡ."

ನಾನು ಚಹಾ ಮಾಡಲು ಎದ್ದೆ. ಸಕ್ಕರೆ ಹಾಕಿದೆನೋ ಇಲ್ಲವೋ ಗೊತ್ತಿಲ್ಲ, ಅವಳು ಕುಡಿದಳು.

"ಆರು ತಿಂಗಳು ತಾನೇ? ಅವತ್ತು ಮಂತ್ರಿಗಳು ಹೇಳಿದ್ರಂತಲ್ಲ. ಪೇಪರಿನಲ್ಲಿ ಏನೇನೋ ಬರ್ತಿದೆ, ಇವ್ರು ಗೊತ್ತಿಲ್ಲ ಅಂತಾರೆ. ನೀವು ಅಲ್ಲೇ ಇದ್ರಲ್ಲ ಅಕ್ಕಾ. ನೀವು ಹೇಳಿದ್ರೆ ನಂಬ್ತೀನಿ."

ಪಾತ್ರೆ ತೊಳೆಯುವ ನೆವದಲ್ಲಿ ನಲ್ಲಿ ಜೋರಾಗಿ ಬಿಟ್ಟೆ. ಹುಡುಗಿ ಸ್ವಲ್ಪ ಹೊತ್ತು ಕಾದು ಹೋದಳು. ಛತ್ರಿ ಇಲ್ಲೇ ಬಿಟ್ಟು ಹೋಗಿದ್ದಾಳೆ, ಮಳೆಯಲ್ಲಿ ನೆನೆದುಕೊಂಡು ಹೋಗಿರುತ್ತಾಳೆ.

ಮಾರ್ಚ್ ೨೫, ಮಂಗಳವಾರ

ನಿನ್ನೆ ಆಗಲಿಲ್ಲ. ಎರಡು ಸಲ ಅಲ್ಪವಿರಾಮರ ಕೋಣೆಯವರೆಗೆ ಹೋಗಿ ವಾಪಸು ಬಂದೆ. ಇವತ್ತು ಟಿಪ್ಪಣಿ ಪುಸ್ತಕವನ್ನೂ ಕೆಂಪು ಪೆನ್ಸಿಲಿನ ಪ್ರತಿಯನ್ನೂ ಅವರ ಮೇಜಿನ ಮೇಲಿಟ್ಟೆ. ಅವರು ಎರಡನ್ನೂ ಓದಿದರು. ಮತ್ತೆ ಓದಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಇದು ನಿನ್ನ ಸಹಿ."

"ಹೌದು ಸಾರ್."

"ಹೆದರಿಸಿದ್ರಾ?"

"ಇಲ್ಲ."

"ಕಾಸು?"

"ಛೆ, ಇಲ್ಲ ಸಾರ್."

"ಮತ್ತೆ ಯಾಕಮ್ಮ? ಒಂದು ಸೊನ್ನೆ ತಿದ್ದೋಕೆ ಬಂದ ಹಣಕಾಸು ಮಂತ್ರಿಯನ್ನೇ ಅಟ್ಟಿದವಳು ನೀನು!"

ತಪ್ಪೊಪ್ಪಿಗೆಗೆ ಒಂದು ನಮೂನೆ ಇದೆ. ಹೆಸರು, ಹುದ್ದೆ, ಪುಟ, ಸಾಲು, ಕಾರಣ. ಮೊದಲ ನಾಲ್ಕನ್ನು ಬೇಗ ಬರೆದೆ. ಕಾರಣದ ಮುಂದೆ ಆಯಾಸ ಎಂದು ಬರೆಯಬಹುದಿತ್ತು, ಕಣ್ಣಿನ ತೊಂದರೆ ಎಂದೂ ಬರೆಯಬಹುದಿತ್ತು. ಹೊಟ್ಟೆಕಿಚ್ಚು ಎಂದು ಬರೆದೆ.

ಅವರು ಓದಿ ತಲೆ ಎತ್ತಿದರು. "ಇದನ್ನ ಸಭಾಧ್ಯಕ್ಷರು ಎಲ್ಲರೆದುರು ಓದಬೇಕಾಗುತ್ತೆ ಕಣಮ್ಮ. ಆಯಾಸ ಅಂತ ಹಾಕೋಣ. ನಾನೇ ನಯ ಮಾಡಿ ಕೊಡ್ತೀನಿ."

"ಬೇಡ ಸಾರ್. ಹೇಳಿದ್ದು ಹೇಳಿದ ಹಾಗೇ ಹೋಗಲಿ."

ಅವರು ಪೆನ್ನು ಎತ್ತಿ, ಇಳಿಸಿ, ಹಾಗೇ ಕೊಟ್ಟರು. ಒಂದು ಅಲ್ಪವಿರಾಮವನ್ನೂ ಸೇರಿಸಲಿಲ್ಲ.

ಮಾರ್ಚ್ ೨೭, ಗುರುವಾರ

ಸಭಾಧ್ಯಕ್ಷರು ಓದಿದರು. ಕಾರಣ ಬಂದಾಗ ಸಭೆಯೆಲ್ಲ ನಕ್ಕಿತು. ನಾನು ಮೇಲಿನ ಕೋಣೆಯಲ್ಲಿದ್ದೆ, ನಗು ಅಲ್ಲಿಗೂ ಕೇಳಿಸಿತು. ತಿದ್ದುಪಡಿ ಅಚ್ಚಾಗುತ್ತದೆ: ಅಗತ್ಯವಿರುವವರೆಗೆ ಎಂಬಲ್ಲಿ ಆರು ತಿಂಗಳು ಎಂದು ಓದಿಕೊಳ್ಳುವುದು. ಮಂತ್ರಿಗಳು ಎದ್ದು, ಮಾತು ಮಾತೇ, ಆದರೆ ಅಲ್ಲಿಯ ಪರಿಸ್ಥಿತಿಯನ್ನೂ ನೋಡಬೇಕಾಗುತ್ತದೆ ಎಂದರಂತೆ. ಬಿಳಿಕೂದಲಿನ ಮೇಡಂ, "ಪರಿಸ್ಥಿತಿಯನ್ನು ಆರು ತಿಂಗಳು ನೋಡಿ, ಆಮೇಲೆ ನಾವು ನಿಮ್ಮನ್ನು ನೋಡುತ್ತೇವೆ," ಎಂದರಂತೆ. ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ನನ್ನನ್ನು ಮೇಜಿನಿಂದ ತೆಗೆದು ಹಳೆಯ ಪುಸ್ತಕಗಳ ಕೋಣೆಗೆ ಹಾಕಿದ್ದಾರೆ.

ಸಂಜೆ ನಾನೇ ಅವರ ಮನೆಗೆ ಹೋದೆ. ಪತ್ರಿಕೆ ನಾಳೆ ಹೇಳುವುದಕ್ಕಿಂತ ಇವತ್ತು ನಾನು ಹೇಳುವುದು ಮೇಲು. ಇಬ್ಬರನ್ನೂ ಕೂರಿಸಿ ಹೇಳಿದೆ. ಹಾಳೆ ಮಗುಚಿ ಹಾಕಿದ್ದರಿಂದ ಹಿಡಿದು ಸಹಿಯವರೆಗೆ, ಒಂದನ್ನೂ ಬಿಡಲಿಲ್ಲ.

"ನೀನು ಇವಳ ಮೇಲೆ ಗುರ್ ಅಂತಿದೀಯ ಅಂತ ಗೊತ್ತಿತ್ತು. ಆ ಎಳೆದಾಟದಲ್ಲಿ ನನ್ನನ್ನ ಸಮುದ್ರದಾಚೆವರೆಗೂ ಎಳೀತೀಯ ಅಂತ ಗೊತ್ತಿರಲಿಲ್ಲ ಅಕ್ಕಾ," ಎಂದ ಗುಂಡ. ನಗಲು ನೋಡಿದ, ಆಗಲಿಲ್ಲ.

ನಮ್ಮ ಹುಡುಗಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸರಿಯಾಗಿಯೇ ಮಾಡಿದಳು.

ಮಾರ್ಚ್ ೩೦, ಭಾನುವಾರ

ಹಡಗುಕಟ್ಟೆಗೆ ಹೋಗಿದ್ದೆವು. ಸಾಲುಸಾಲು ಲಾರಿಗಳು, ಸೇತುವೆಯ ಕಬ್ಬಿಣದ ತುಂಡುಗಳು, ಅಳುವ ಮಕ್ಕಳು, ಐದು ನಿಮಿಷಕ್ಕೊಮ್ಮೆ ಊದುವ ಪೀಪಿ. ಗುಂಡ ಮೊದಲು ನನ್ನನ್ನು ತಬ್ಬಿಕೊಂಡ. ಆಮೇಲೆ ಅವಳನ್ನು, ಬಹಳ ಹೊತ್ತು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ, ಆಯಿತು. ಆದರೂ ಬೇರೆ ಕಡೆ ತಿರುಗಿ ನಿಂತು ಅವಳ ಚೀಲ ಹಿಡಿದುಕೊಂಡಿದ್ದೆ.

ಹಡಗು ಕಣ್ಮರೆಯಾಗುವವರೆಗೆ ನೋಡಿ ಬಸ್ಸಿಗೆ ನಡೆದೆವು. ಗುರುವಾರದಿಂದ ಅವಳು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ನಿಲ್ದಾಣದಲ್ಲಿ ನಾನೇ ಹೇಳಿದೆ, ದಳದ ಕಚೇರಿ ಇನ್ನೂ ತೆರೆದಿದೆ, ಫಾರಂ ಬದಲಾಯಿಸುವುದಾದರೆ ಈಗಲೇ ಹೋಗಿ ಬರೋಣ, ನಿನ್ನಮ್ಮನ ಹೆಸರನ್ನಾದರೂ ಹಾಕು ಎಂದು.

ಅವಳು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು.

"ಬದಲಾಯಿಸಲ್ಲ. ಅವರು ಆರು ತಿಂಗಳಿಗೆ ವಾಪಸ್ ಬಂದ್ರೆ ನಿಮ್ಮನ್ನ ಕ್ಷಮಿಸ್ತೀನೋ ಇಲ್ವೋ, ಆಗ ನೋಡೋಣ. ಬರದೇ ಹೋದ್ರೆ, ಆ ಸುದ್ದಿ ಮೊದಲು ನೀವೇ ಕೇಳ್ಬೇಕು. ಒಬ್ಬರೇ ಕೇಳ್ಬೇಕು. ಆಮೇಲೆ ನನ್ನ ಮನೆವರೆಗೂ ನಡ್ಕೊಂಡು ಬರ್ಬೇಕು."

ಆಗಲಿ ಎಂದೆ. ಬಸ್ಸು ಬಂತು. ಎರಡು ಸೀಟು ಬೇರೆ ಬೇರೆ ಕಡೆ ಖಾಲಿ ಇದ್ದವು, ಅವಳಿಗೆ ಕಿಟಕಿಯ ಪಕ್ಕದ್ದನ್ನು ಬಿಟ್ಟು ನಾನು ಹಿಂದೆ ಹೋಗಿ ಕೂತೆ.